ಲಗ್ನಪತ್ರಿಕೆಯ ಗಣಪತಿ ಮತ್ತು ನಾನು

ನಾದಿನಿಯ ಲಗ್ನಪತ್ರಿಕೆಗೆ ಗಣಪತಿಯನ್ನು ಕೈಯಾರೆ ಅಚ್ಚು ಹಾಕಿಕೊಡುತ್ತೇನೆಂದು ನಾನಾಗಿಯೇ ಮುಂದೆ ಬಂದೆ. ಯಾರೂ ಕೇಳಿರಲಿಲ್ಲ! ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮಾವನವರ ಪ್ರಕಾರ, ಸೈರನ್ ಕೂಗಿದಾಗ ಮನೆ ಬಿಟ್ಟು ಹೊರಡುವುದು ಕೆಲಸ. ಶಿವಮೊಗ್ಗದ ರವೀಂದ್ರನಗರದಲ್ಲಿ ಮನೆಯೊಳಗೇ ಕೂತು ಚಿತ್ರ ಅಚ್ಚು ಹಾಕುವುದು ಕೆಲಸವಲ್ಲ. ಅಳಿಯನಿಗೂ ಒಂದು ಕೆಲಸವಿದೆಯೆಂದು ಅವರ ಬಾಯಿಂದಲೇ ಹೇಳಿಸಬೇಕೆಂಬುದು ನನ್ನ ಬಹುದಿನದ ಆಸೆ. ಒಳಪುಟದ ಅಕ್ಷರಗಳನ್ನು ಪ್ರೆಸ್ಸಿನವರು ಮುದ್ರಿಸಿದರು. ಮುಖಪುಟವನ್ನು ನನ್ನ ಕಲೆಗೆಂದು ಖಾಲಿ ಬಿಟ್ಟರು.

ಮೊದಲು ಲಿನೊಕಟ್. ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಮಸಿ ಬಳಿದು, ಕಾಗದ ಒತ್ತುವ ವಿಧಾನ. ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ಮೂಡುತ್ತದೆ. ಅಷ್ಟೂ ತಿಳಿಯದ ಕಲಾವಿದ ನಾನಲ್ಲ! ಗಣಪತಿಯನ್ನು ಮೊದಲೇ ತಿರುಗಿಸಿ ಬರೆದುಕೊಂಡು ಕೆತ್ತಿದೆ. ಒತ್ತಲು ಯಂತ್ರವಿರಲಿಲ್ಲ, ಅಡುಗೆಮನೆಯಲ್ಲಿ ಲಟ್ಟಣಿಗೆಯಿತ್ತು. ಗಣಪತಿ ಮಚ್ಚೆ ಮಚ್ಚೆಯಾಗಿ ಬಂದ. ಅಂದಿನ ಚಪಾತಿಯೂ ಹಾಗೆಯೇ ಬಂತು.

“ರೀ, ಇದನ್ನ ತಿನ್ನೋದಾ, ಫ್ರೇಮ್ ಹಾಕ್ಸೋದಾ?” ಎಂದಳು ಹೆಂಡತಿ ಸುಧಾ.

ಎರಡನೆಯದು ಕೊಲಾಗ್ರಾಫ್. ರಟ್ಟಿನ ಮೇಲೆ ತರಹೇವಾರಿ ವಸ್ತುಗಳನ್ನು ಅಂಟಿಸಿ ಅಚ್ಚು ತೆಗೆಯುವುದು. ಗಣಪತಿಯ ಹೊಟ್ಟೆಗೆ ರವೆ, ಕಿವಿಗೆ ಅವಲಕ್ಕಿ. ಅಂಟು ಬಿಗಿಯಾಗಲೆಂದು ಬೆಲ್ಲದ ಪಾಕ ಬೆರೆಸಿದ್ದು ನನ್ನ ಸ್ವಂತ ಸಂಶೋಧನೆ. ಬೆಳಿಗ್ಗೆ ನೋಡಿದರೆ ಇರುವೆಗಳು ಹೊಟ್ಟೆಯನ್ನು ಪ್ರಸಾದವೆಂದು ಸ್ವೀಕರಿಸಿ, ಕಿವಿಯನ್ನು ಸಾಗಿಸುತ್ತಿದ್ದವು!

ಅಷ್ಟರಲ್ಲಿ ಮಾವನವರ ಫೋನು.

“ನಾಳೆಯಿಂದ ಪತ್ರಿಕೆ ಹಂಚ್ಬೇಕು. ಆಗುತ್ತೋ ಇಲ್ವೋ?”

“ಆಗುತ್ತೆ ಮಾವ!”

ಗಾಂಧಿ ಬಜಾರಿಗೆ ಓಡಿ ಸಾಮಾನು ತಂದು ಸ್ಕ್ರೀನ್ ಪ್ರಿಂಟಿಂಗಿಗೆ ಇಳಿದೆ. ಇಲ್ಲಿ ಚೌಕಟ್ಟಿಗೆ ಬಿಗಿದ ಬಟ್ಟೆಯ ಮೂಲಕ ಮಸಿ ನೇರವಾಗಿ ಕಾಗದಕ್ಕೆ ಇಳಿಯುತ್ತದೆ. ಮೊದಲು ಬರೆದಿಟ್ಟ ಚಿತ್ರವೇ ಕೈಗೆ ಸಿಕ್ಕಿತು, ಅದನ್ನೇ ಬಳಸಿದೆ. ಎಂಥ ಅಚ್ಚು! ಮಚ್ಚೆಯಿಲ್ಲ, ಇರುವೆಯಿಲ್ಲ. ಭದ್ರಾವತಿಗೆ ಹೊತ್ತುಕೊಂಡು ಹೋಗಿ ಒಪ್ಪಿಸಿದೆ. ಮಾವನವರು ಕನ್ನಡಕವಿಲ್ಲದೆ ನೋಡಿ “ಪರವಾಗಿಲ್ಲ” ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ನೆಲದ ಮೇಲೆ ಕಾಲಿರಲಿಲ್ಲ.

ಹಂಚಲು ಶುರುಮಾಡಿದ ದಿನವೇ ಮತ್ತೆ ಫೋನು.

“ಅಳಿಯಂದ್ರೇ, ಗಣಪತಿ ಸೊಂಡಿಲು ಯಾವ ಕಡೆ ಇದೆ, ನೋಡಿ.”

ನನ್ನಲ್ಲಿ ಉಳಿದಿದ್ದ ಒಂದು ಪ್ರತಿ ತೆಗೆದು ನೋಡಿದೆ. ಬಲಕ್ಕೆ! ಸ್ಕ್ರೀನಿನಲ್ಲಿ ಚಿತ್ರ ತಿರುಗುವುದಿಲ್ಲ. ಲಿನೊಕಟ್ಟಿಗೆಂದು ನಾನು ತಿರುಗಿಸಿಟ್ಟಿದ್ದು ತಿರುಗಿದಂತೆಯೇ ಮೂಡಿತ್ತು.

“ಬಲಮುರಿ ಗಣಪತಿ ಮಾರಾಯ್ರೆ! ಮನೇಲಿಟ್ರೆ ದಿನಾ ಮಡೀಲಿ ಪೂಜೆ ಆಗ್ಬೇಕು, ನೈವೇದ್ಯ ಆಗ್ಬೇಕು. ನಮ್ಮಕ್ಕ ಪತ್ರಿಕೆ ಮುಟ್ಟೋಕೇ ಹೆದರ್ತಾಳೆ. ಬಿಸಾಕೋಕೂ ಆಗಲ್ಲ!”

ಮದುವೆಯೇನೋ ಚೆನ್ನಾಗಿ ನಡೆಯಿತು. ಬಂದವರೆಲ್ಲ ವಧೂವರರಿಗೆ ಉಡುಗೊರೆ ಕೊಟ್ಟು, ನನಗೆ ಪತ್ರಿಕೆ ವಾಪಸು ಕೊಟ್ಟರು. “ನೀವೇ ಮಾಡಿದ್ದಂತಲ್ಲ, ನೀವೇ ಇಟ್ಕೊಳ್ಳಿ” ಎಂದರು ಭಕ್ತಿಯಿಂದ. ಊಟದ ಹೊತ್ತಿಗೆ ನನ್ನ ಸಮಗ್ರ ಕಲಾಕೃತಿಗಳೂ ಒಂದು ಚೀಲದಲ್ಲಿದ್ದವು. ತುಂಗೆಗೆ ಬಿಟ್ಟುಬಿಡೋಣವೆಂದರೆ ಸುಧಾ ಒಪ್ಪಲಿಲ್ಲ.

“ಪೂಜೆ ಮಾಡ್ದೆ ಯಾರಾದ್ರೂ ವಿಸರ್ಜನೆ ಮಾಡ್ತಾರಾ? ಚೌತಿ ತನಕ ನೀವೇ ಮಾಡಿ.”

ಈಗ ದಿನವೂ ಬೆಳಿಗ್ಗೆ ತಣ್ಣೀರ ಸ್ನಾನ, ಒದ್ದೆ ಪಂಚೆ. ನನ್ನ ಮುದ್ರಣದ ಮೇಜೇ ಮಂಟಪ. ಗಣಪತಿಗಳ ಕಟ್ಟುಗಳಿಗೆ ಒಂದೊಂದಾಗಿ ಗರಿಕೆ ಏರಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಮೊನ್ನೆ ಮಾವನವರು ಬಂದವರು ಬಾಗಿಲಲ್ಲೇ ನಿಂತು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಎಂದೂ ಕಂಡಿರಲಿಲ್ಲ.

“ಅಂತೂ ಅಳಿಯಂದ್ರಿಗೆ ಒಂದು ಕೆಲ್ಸ ಅಂತ ಆಯ್ತಲ್ಲ!” ಎಂದರು ಮಗಳಿಗೆ.

ನಾನು ಗಂಟೆ ಬಾರಿಸಿದೆ.