ಜಿನ್ನಪ್ಪನ ಮೂಗು ಕೊಟ್ಟ ತೀರ್ಪು

ನಿಪ್ಪಾಣಿಯಲ್ಲಿ ಜಿನ್ನಪ್ಪನ ಮೂಗಿಗೆ ಇದ್ದ ಮರ್ಯಾದೆ ಜಿನ್ನಪ್ಪನಿಗೂ ಇರಲಿಲ್ಲ. ತಂಬಾಕಿನ ವಖಾರದಲ್ಲಿ ಮೂವತ್ತು ವರ್ಷ ಎಲೆ ಪರೀಕ್ಷೆ ಮಾಡಿದ ಮೂಗು ಅದು. ಕಣ್ಣು ಕಟ್ಟಿ ಒಂದು ಎಲೆ ಹಿಡಿದರೆ ಸಾಕು, ಭೋಜ ಊರಿನದ್ದೋ ಕಬ್ಬೂರಿನದ್ದೋ, ಮೂಡಣ ಬದುವಿನದ್ದೋ ಪಡುವಣದ್ದೋ ಎಂದು ಹೇಳುತ್ತಿತ್ತಂತೆ. ಒಮ್ಮೆಯಂತೂ, ಈ ಎಲೆ ಕೊಯ್ದವನು ಆ ಬೆಳಿಗ್ಗೆ ಹೆಂಡತಿಯ ಜೊತೆ ಜಗಳ ಆಡಿದ್ದಾನೆ ಎಂದಿತ್ತಂತೆ. (ವಿಚಾರಿಸಿದರೆ ಹೌದು, ಆಡಿದ್ದ. ಆಡದವರು ಯಾರಿದ್ದಾರೆ?)

ಇಂಥ ಮೂಗು ನಿವೃತ್ತವಾಗಿ, ಅಜ್ಜ ಹಾಕಿಸಿದ ಕರಿಕಲ್ಲಿನ ಕಟ್ಟೆಯ ಮೇಲೆ ದಿನವಿಡೀ ದರ್ಬಾರು ನಡೆಸುತ್ತಿದ್ದ ಕಾಲಕ್ಕೆ ಓಣಿಗೆ ಹೊಸ ಒಳಚರಂಡಿ ಬಂತು. ಮನೆಮನೆಯ ಕೊಳೆ ನೀರು ಇನ್ನು ಗಟಾರಕ್ಕೆ ಬೀಳುವಂತಿಲ್ಲ. ನೆಲದೊಳಗಿನ ಪೈಪಿನಲ್ಲಿ ಊರಾಚೆಯ ಘಟಕಕ್ಕೆ ಹೋಗಿ ಶುದ್ಧವಾಗಬೇಕು. ಅಗೆತದಿಂದ ಜನರಿಗೆ ತ್ರಾಸಾಗದಂತೆ ನೋಡಿಕೊಳ್ಳಲು ಓಣಿಯವರು ಮೂಗನ್ನೇ (ಅಂದರೆ ಜಿನ್ನಪ್ಪನನ್ನು) ಮುಂದಾಳು ಮಾಡಿದರು. ಮುಂದಾಳು ಇಂಜಿನಿಯರ್ ಸುರಜನನ್ನು ಕರೆಸಿ ಶಾಸನ ಹೊರಡಿಸಿದ.

"ದಿನಾ ಎಷ್ಟ ಅಗೀತೀರಿ ಅಷ್ಟ ಅವತ್ತ ಮುಚ್ಚಬೇಕು. ಧೂಳ ಏಳದಂಗ ನೀರ ಹೊಡೀಬೇಕು. ನಾವು ಜೈನರು, ಹೊತ್ತ ಮುಳುಗೂದರಾಗ ಊಟಾ ಮಾಡೂ ಮಂದಿ, ಐದಕ್ಕ ಮಷೀನ ಬಂದ್. ಮತ್ತ ನನ್ನ ಕಟ್ಟಿ ಯಾರೂ ಮುಟ್ಟಂಗಿಲ್ಲ."

"ಕಾಕಾ, ಉಳದದ್ದೆಲ್ಲಾ ಕಬೂಲ್ರಿ. ಕಟ್ಟಿ ಒಡೀಲಿಲ್ಲಂದ್ರ ನಿಮ್ಮ ಮನಿ ಪೈಪ್ ಹೆಂಗ ಜೋಡಸೂದ್ರಿ?"

"ಅದನ್ನ ನಾ ನೋಡಕೋತೀನಿ. ಬರಕೋ, ಸಹಿ ಹಾಕತೀನಿ."

ಹಾಕಿದ. ಮರೆತ.

ತಿಂಗಳೊಳಗೆ ಕೆಲಸ ಮುಗಿಯಿತು. ಯಾರ ತಾಟಿಗೂ ಚಿಟಿಕೆ ಧೂಳು ಬೀಳಲಿಲ್ಲ. ಹಳೆಯ ಗಟಾರದ ಬಾಯಿಗೆ ಸಿಮೆಂಟ್ ಜಡಿದು, ಮೇಲೆ ಫರಸಿ ಕಲ್ಲು ಹಾಸಿದರು. ಅದಾಗಿ ವಾರ ತುಂಬುವುದರೊಳಗೆ ಓಣಿಯಲ್ಲಿ ಹಿಂದೆಂದೂ ಇಲ್ಲದ ನಾತ ಎದ್ದಿತು.

ಹೆಂಡತಿ ತ್ರಿಶಲಾಳಿಗೆ ನಿದ್ದೆ ಹಾರಿಹೋಯಿತು. ಊರಿಗೆ ಮುನಿ ಮಹಾರಾಜರು ಬಂದಿದ್ದರು. ಅವರು ಬೆಳಿಗ್ಗೆ ಆಹಾರಕ್ಕೆ ಹೊರಟಾಗ ಮನೆಯವರು ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯಬೇಕು. ದಿನಕ್ಕೆ ಒಂದೇ ಮನೆಗೆ ಆ ಭಾಗ್ಯ. ಹನ್ನೆರಡು ವರ್ಷದಿಂದ ಅವಳು ಕಾದಿದ್ದಳು. ಸೋಮವಾರ ಈ ಓಣಿಯ ಕಡೆ ಬರುತ್ತಾರೆಂದು ಸುದ್ದಿ.

"ಏನ್ರಿ, ಈ ನಾತಕ್ಕ ಮಹಾರಾಜ್ರು ಓಣಿ ತುದೀಗೇ ತಿರುಗಿ ಹೋಗತಾರ. ಎಲ್ಲಿಂದ ಬರಾಕತ್ತೈತಿ ಹುಡುಕ್ರಿ. ಇಷ್ಟ ದೊಡ್ಡ ಮೂಗ ಇಟಗೊಂಡ ಏನ ಮಾಡತೀರಿ?"

ದಿಗ್ವಿಜಯ ಹೊರಟಿತು. ಕಟ್ಟೆ ಇಳಿದು ಮುಂದೆ ಮೂಗು. ಯಾವಾಗಲೂ ಹಿತ್ತಲ ಬಾಗಿಲಿನಿಂದಲೇ ಓಡಾಡುವ ತ್ರಿಶಲಾ ಸುತ್ತಿ ಬಂದು ಹಿಂದೆ. ಸಾವಿತ್ರೆವ್ವನ ಮನೆಯ ಮುಂದೆ ತ್ರಿಶಲಾ ಮೂಗಿಗೆ ಸೆರಗು ಹಿಡಿದಳು. ಹೊರಳಿ ನೋಡಿದ ಜಿನ್ನಪ್ಪ ಬೆರಳೆತ್ತಿದ. "ಇಲ್ಲೇ ಪೈಪ್ ಒಡದೈತಿ!"

"ಅಣ್ಣಾರ, ನಾ ಮೆಣಸಿನಕಾಯಿ ಹುರಿಯಾಕತ್ತೀನ್ರಿ!" ಒಳಗಿಂದ ಸಾವಿತ್ರೆವ್ವ ಕೆಮ್ಮುತ್ತ ಕೂಗಿದಳು.

"ಮೆಣಸಿನಕಾಯಿ ಹಿಂದ ನಾತ ಅಡಗೇತಿ."

ಮೂಗಿನ ತೀರ್ಪಿಗೆ ಮೇಲ್ಮನವಿ ಉಂಟೇ? ಅಗೆದರು. ಪೈಪು ಮದುಮಗನ ಹಾಗೆ ಹೊಳೆಯುತ್ತಿತ್ತು. ಮರುದಿನ, ತಂಬಾಕಿನ ಚೀಲ ಝಾಡಿಸುತ್ತಿದ್ದ ಮನೆಯ ಮುಂದೆ ತ್ರಿಶಲಾಳ ಸೆರಗು ಮತ್ತೆ ಮೂಗಿಗೇರಿತು. ಜಿನ್ನಪ್ಪನ ಬೆರಳೂ ಏರಿತು. ಅಲ್ಲೂ ಅಗೆದರು. ಅಲ್ಲೂ ಪೈಪು ಗಟ್ಟಿ. ಒಂದು ತಿಂಗಳು ತಡೆದಿಟ್ಟ ಧೂಳೆಲ್ಲ ಎರಡೇ ದಿನದಲ್ಲಿ ಓಣಿಯ ತಾಟುಗಳಿಗೆ ಬಿತ್ತು. ಆದರೂ ಮೂಗಿನ ಬುಡಕ್ಕೇ ಬೊಟ್ಟು ತೋರಿಸುವ ಧೈರ್ಯ ಯಾರಿಗಿತ್ತು?

"ಅಣ್ಣಾರ, ನಿಮ್ಮ ಮೂಗ ಇನ್ನ ಯಾರ ಬಾಗಲಿಗಿ ಬರತೈತಿ ಮೊದಲ ಹೇಳಿಬಿಡ್ರಿ," ಎಂದಳು ಸಾವಿತ್ರೆವ್ವ, ರೊಟ್ಟಿ ಝಾಡಿಸುತ್ತ. "ಕಾಗವಾಡಕ್ಕ ತವರಮನಿಗಾರ ಹೋಗತೀನಿ."

ರವಿವಾರ ಮಧ್ಯಾಹ್ನ ಸುರಜ ರಿಜಿಸ್ಟರ್ ತೆಗೆದ. "ಕಾಕಾ, ಓಣ್ಯಾಗ ಒಂದ ಮನಿ ಜೋಡಣಿ ಆಗಿಲ್ರಿ. ಇಲ್ಲಿ ಸಹಿ ಐತಿ ನೋಡ್ರಿ."

"ಯಾವ ನಾಲಾಯಕಂದಲೇ ಅದು?" ಗುಡುಗಿದ ಜಿನ್ನಪ್ಪ ಕನ್ನಡಕ ಹಾಕಿಕೊಂಡ. ಓದಿದ. ಕನ್ನಡಕ ತೆಗೆದ.

ಓಣಿಯೆಲ್ಲ ಪೈಪಿಗೆ ಸೇರಿತ್ತು. ಒಂದೇ ಮನೆಯ ಕೊಳೆ ನೀರು ಇನ್ನೂ ಬಾಯಿ ಕಟ್ಟಿದ ಗಟಾರಕ್ಕೆ ಇಳಿದು, ಹೊರದಾರಿ ಕಾಣದೆ, ಅಜ್ಜನ ಕಟ್ಟೆಯ ಕೆಳಗೆ ಮಡುಗಟ್ಟಿತ್ತು. ದರ್ಬಾರಿನ ಸಿಂಹಾಸನದ ನೇರ ಕೆಳಗೆ!

ಸಂಜೆಯೊಳಗೆ ಕಟ್ಟೆ ನಾಲ್ಕು ತುಂಡಾಯಿತು, ಪೈಪು ಕೂಡಿತು, ನಾತ ಅಡಗಿತು. ಹೊತ್ತು ಮುಳುಗುವ ಮುನ್ನ ತ್ರಿಶಲಾ ಗಂಡನಿಗೆ ಬಡಿಸಿದಳು.

"ನಾಳೆ ಹಲಗೀ ಮ್ಯಾಲ ನಿಂತ ಕಲಶ ಹಿಡೀತೀನಿ, ಹೋಗಲಿ. ಆದ್ರ ಖರೇ ಹೇಳ್ರಿ. ಮಂದಿ ಬಾಗಲಾ ಎಲ್ಲಾ ಅಗಸಿದ್ರಿ. ಮುಂಜಾನಿಂದ ಸಂಜೀತನಾ ಆ ನಾತದ ಮ್ಯಾಲೇ ಕುಂದರತಿದ್ರಿ. ನಿಮ್ಮ ಮೂಗಿಗೆ ಯಾಕ ತಿಳೀಲಿಲ್ಲ?"

ಜಿನ್ನಪ್ಪ ರೊಟ್ಟಿ ಮುರಿದ.

"ಮೂಗ ಕೊರೋನಾದಾಗ ಹೋತು. ನಿನ್ನ ಸೆರಗ ನೋಡಿ ಹೇಳತಿದ್ನಿ. ನೀ ಕಟ್ಟಿ ಕಡೆ ಬರಲೇ ಇಲ್ಲ."