ತುಂಬೆ ಗಿಡದ ಮಾಮಾ

ನಮ್ಮ ಮಾಮಾನಿಗೆ ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, ಅವರ ಅಕ್ಕ, ಅಂದರೆ ನಮ್ಮವ್ವ, "ಆಗ್ಯದಲ್ರೀ, ತುಂಬಿ ಗಿಡದ ಜೋಡಿ" ಎನ್ನುತ್ತಾಳೆ. ಮಾಮಾ ಬೀದರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಔರಾದ ಹತ್ತಿರದ ಎಕಂಬಾದ ಕಡೆ ಕುರಿ ಕಾಯುವವರು ಗಾಯಕ್ಕೆ ತುಂಬೆಯ ರಸ ಹಿಂಡುವುದನ್ನು ಕಂಡ ದಿನದಿಂದ ಅವರಿಗೆ ಒಂದೇ ಹುಚ್ಚು: ಆ ರಸ ರೋಗಾಣುಗಳನ್ನು ನಿಜವಾಗಿ ಕೊಲ್ಲುತ್ತದೆಯೇ, ಕೊಂದರೆ ಅದರೊಳಗಿನ ಯಾವುದು ಕೊಲ್ಲುತ್ತದೆ?

ಮಳೆಗಾಲ ಬಂತೆಂದರೆ ಔರಾದಿನ ಬಸ್ಸಿನಲ್ಲಿ ಚೀಲಗಟ್ಟಲೆ ಗಿಡ ತರುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ.

"ಎಮ್ಮಿಗಿ ಮೇವೇನ್ರಿ ಸರ್?" ಎಂದ ಕಂಡಕ್ಟರ್.

"ಮೇವಲ್ರೀ, ಸಂಶೋಧನಾ ಸಾಮಗ್ರಿ" ಎಂದರು ಮಾಮಾ, ಎದೆಯುಬ್ಬಿಸಿ.

"ಹಂಗಾದ್ರ ಲಗೇಜ್ ಟಿಕೇಟ್ ತಗೋರಿ. ಮೇವಾಗಿದ್ರ ಬಿಡ್ತಿದ್ದೆ."

ಎಲೆ ನೆರಳಲ್ಲೇ ಒಣಗಬೇಕಂತೆ. ಹೀಗಾಗಿ ಅವರ ಮನೆಯ ಮಂಚ, ಕುರ್ಚಿ, ಮೇಜುಗಳ ಮೇಲೆಲ್ಲ ತುಂಬೆಯೇ ಮಲಗಿರುತ್ತದೆ. ಹೋದ ನೆಂಟರು ನಿಂತೇ ಚಹಾ ಕುಡಿದು ಬರಬೇಕು. ಎಷ್ಟು ಸಲ ನಿಂತಾರು? ಬರಬರುತ್ತ ಹೋಗುವುದನ್ನೇ ಬಿಟ್ಟರು. ನಾನೂ ಬಿಟ್ಟೆ.

ಹೋದ ವರ್ಷ ಒಂದು ದಿನ, ಭಾಲ್ಕಿಯ ನನ್ನ ಜೆರಾಕ್ಸ್ ಅಂಗಡಿಗೆ ಅವರ ಫೋನು ಬಂತು. "ಉಂಗುರ ಬಂತವ್ವಾ!"

ನಾನು ಮಷೀನು ಅರ್ಧಕ್ಕೇ ನಿಲ್ಲಿಸಿದೆ. "ಹುಡುಗಿ ಯಾವ ಊರಾಕಿ, ಮಾಮಾ?"

ಹುಡುಗಿ ಎಲ್ಲಿಂದ ಬರಬೇಕು? ರೋಗಾಣು ಬೆಳೆಸಿದ ಗಾಜಿನ ತಟ್ಟೆಯ ಮೇಲೆ ತುಂಬೆಯ ಸಾರ ಅದ್ದಿದ ಪುಟ್ಟ ಕಾಗದ ಇಟ್ಟಿದ್ದರಂತೆ. ಅದರ ಸುತ್ತ ಒಂದೂ ರೋಗಾಣು ಬೆಳೆಯದೆ ಉಂಗುರದಂತೆ ಜಾಗ ತೆರವಾಗಿತ್ತಂತೆ. ಕಾಲೇಜಿಗೆಲ್ಲ ಪೇಡಾ ಹಂಚಿದರು.

ಹತ್ತು ದಿನದ ಮೇಲೆ, ಮಧ್ಯಾಹ್ನ, ಹೇಳದೆ ಕೇಳದೆ ನನ್ನ ಅಂಗಡಿಗೇ ಬಂದರು. ಕೈಯಲ್ಲಿ ಚೀಲವಿರಲಿಲ್ಲ. ಸ್ಟೂಲಿನ ಮೇಲೆ ಕೂತು ನಿಧಾನಕ್ಕೆ ಹೇಳಿದರು:

"ಸಾರ ತೆಗ್ಯಾಕ ಹಾಕಿದ ಆಲ್ಕೋಹಾಲ್ ಪೂರಾ ಆರಿರ್ಲಿಲ್ಲ. ಬರೇ ಆಲ್ಕೋಹಾಲ್ ಹಚ್ಚಿದ ಕಾಗದ ಇಟ್ಟು ನೋಡ್ದೆ. ಅಷ್ಟೇ ದೊಡ್ಡ ಉಂಗುರ. ಆಮ್ಯಾಲ ಸಾರ ಪೂರಾ ಆರಿಸಿ ಇಟ್ಟೆ. ಉಂಗುರೇ ಇಲ್ಲ."

"ಕಾಲೇಜಿನ್ಯಾಗ ಹೇಳಿದ್ರೇನ್ರಿ?"

"ಮುಂಜಾನಿ ಎಲ್ಲಾರಿಗೂ ಹೇಳ್ದೆ. ಆಯ್ತು ಬಿಡ್ರಿ ಸರ್ ಅಂದು, ಕ್ಲಾಸಿಗಿ ಹೋದ್ರು."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಇದಕ್ಕ ಭಾಲ್ಕಿ ತನಕ ಯಾಕ ಬಂದ್ರಿ ಮಾಮಾ? ಫೋನ್ ಮಾಡಿದ್ರ ಆಗ್ತಿತ್ತಲ್ಲ."



"ಫೋನಿನ್ಯಾಗ ಹೇಳಿದ್ರ, ಹೇಳಾದು ಮುಗದ ಮ್ಯಾಲ ಫೋನ್ ಇಡಬೇಕಾಗ್ತದವ್ವಾ."

ಗಿರಾಕಿಯೊಬ್ಬರು ಆಧಾರ್ ಕಾರ್ಡು ಹಿಡಿದು ನಿಂತಿದ್ದರು. ನಾಳೆ ಬರ್ರಿ ಎಂದು ಹೇಳಿ ಶಟರ್ ಎಳೆದೆ. ಮಾಮಾನನ್ನು ಮನೆಗೆ ನಡೆಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಅವರು, ಬೇರಿನ ಸಾರವನ್ನು ಮುಂದೆ ಹೇಗೆ ಪರೀಕ್ಷಿಸಬೇಕೆಂದು ಹೇಳುತ್ತಿದ್ದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಅವರು ನಿಲ್ಲಿಸಿದಾಗಲೆಲ್ಲ, "ಆಮ್ಯಾಲೇನಾಗ್ತದ್ರಿ ಮಾಮಾ?" ಎಂದು ಕೇಳುತ್ತ ಹೋದೆ.