ಸಾವಿನ ಮನೆಯಲ್ಲಿ ಅತ್ತೆಯ ಲೈಟು

ನಮ್ಮ ಅತ್ತೆಯನ್ನು ಸಾವಿನ ಮನೆಗೆ ಕರೆಯಬಾರದೆಂದು ನೆಂಟರೆಲ್ಲ ಒಳಗೊಳಗೇ ತೀರ್ಮಾನಿಸಿದ್ದಾರೆ. ಆದರೆ ಸಾವಿಗೆ ಯಾರು ಯಾರನ್ನು ಕರೆಯುತ್ತಾರೆ? ಸುದ್ದಿ ಮುಟ್ಟಿದರೆ ಸಾಕು, ಕುಮಟೆಯಿಂದ ಭಟ್ಕಳದವರೆಗೆ ಎಲ್ಲಿದ್ದರೂ ಬಸ್ಸು ಹತ್ತಿ ಬಂದೇಬಿಡುತ್ತಾಳೆ. ಅಳುವುದಕ್ಕಲ್ಲ ಮಾರಾಯ್ರೆ, ಟ್ಯೂಬ್‌ಲೈಟ್ ಆರಿಸುವುದಕ್ಕೆ!

ಈ ಅತ್ತೆ ನನ್ನಪ್ಪನ ತಂಗಿ. ನಾಟಕಗಳಿಗೆ ಬೆಳಕು ಹಾಕುವುದು ಅವಳ ಕಸುಬು. ನಾಟಕವಿಲ್ಲದ ದಿನ ಊರೂರಿನ ಹೆಂಗಸರನ್ನು ಕೂಡಿಸಿಕೊಂಡು ಗೋಡೆಗೆ ಚಿತ್ರ ಬರೆಸುತ್ತಾಳೆ. "ಮದುವೆ ಯಾವಾಗ?" ಎಂದು ಯಾರಾದರೂ ಕೇಳಿದರೆ, "ಮಾಡ್ಕೊಳ್ಬಹುದಾ ಅಂತ ನಿಮ್ಮ ಹೆಂಡ್ತಿ ಹತ್ರ ಕೇಳಿ ಬನ್ನಿ" ಎನ್ನುತ್ತಿದ್ದಳು. ಹಾಗೆ ಕೇಳಲು ಹೋದವರು ಯಾರೂ ತಿರುಗಿ ಬರಲಿಲ್ಲ.

ಒಮ್ಮೆ ತೆಂಗಿನಗುಂಡಿಯಲ್ಲಿ ಮೀನು ಮಾರುವ ಹೆಂಗಸರಿಗೆ ಬಣ್ಣ ಕೊಟ್ಟು, "ನಿಮಗೆ ಬೇಕಾದ್ದು ಬರೀರಿ" ಎಂದಳು. ಕಡಲು, ದೋಣಿ, ನವಿಲು ಬರೆಯುತ್ತಾರೆಂದು ನಾವು ಕಾದೆವು. ಅವರೆಲ್ಲ ಸೇರಿ ಒಂದು ಬಾಗಿಲು ಬರೆದರು, ಬಾಗಿಲಿಗೆ ದೊಡ್ಡ ಚಿಲಕ ಬರೆದರು. ನೋಡಲು ಬಂದ ಊರ ಹಿರಿಯರೊಬ್ಬರು ಕೈ ಮುಗಿದು, "ಇದು ಎಂತ, ದೇವಸ್ಥಾನವಾ?" ಎಂದರು.

"ಪಾಯಿಖಾನೆ. ನಮ್ಗೆ ಅದೇ ದೇವಸ್ಥಾನ" ಎಂದಳು ಒಬ್ಬಳು.

ಪಾಯಿಖಾನೆ ಬರಲಿಲ್ಲ. ಗೋಡೆಗೆ ಸುಣ್ಣ ಮಾತ್ರ ಬೇಗ ಬಂತು.

ಇನ್ನು ಹಳದೀಪುರದ ಮಾವ ಸತ್ತ ದಿನ. ಮಿಣುಕುವ ಟ್ಯೂಬಿನಡಿ ಹೆಣ ಹಸಿರಾಗಿ ಕಾಣುತ್ತಿತ್ತು. ಅತ್ತೆ ಸ್ಟೂಲು ಹತ್ತಿ ಟ್ಯೂಬು ಕಳಚಿದಳು, ತಲೆಯ ಹತ್ತಿರ ಹಳದಿ ಬಲ್ಬಿನ ದೀಪವಿಟ್ಟಳು. ಅಳುತ್ತಿದ್ದ ಮಾವನ ಹೆಂಡತಿ ಒಂದು ಗಳಿಗೆ ಅಳು ನಿಲ್ಲಿಸಿ ನೋಡಿ, "ಜೀವ ಇದ್ದಾಗ ಇಷ್ಟು ಚೆಂದ ಇರ್ಲಿಲ್ಲ ಇವ್ರು" ಎಂದವಳು ಮತ್ತಷ್ಟು ಜೋರಾಗಿ ಅತ್ತಳು.

ಅತ್ತೆಯ ದೀಪದ ಪೆಟ್ಟಿಗೆಗಳೆಲ್ಲ ಇದ್ದದ್ದು ಕುಮಟೆಯ ನಮ್ಮ ಮನೆಯಲ್ಲೇ. ಕಾಲಿಡಲು ಜಾಗವಿಲ್ಲವೆಂದು ಅಪ್ಪ ಗೊಣಗುತ್ತಿದ್ದ. ಗೊಣಗುತ್ತಲೇ ತನ್ನ ಗೂಡ್ಸ್ ರಿಕ್ಷಾದಲ್ಲಿ ಅವನ್ನೆಲ್ಲ ಹೇರಿಕೊಂಡು ಹೊನ್ನಾವರಕ್ಕೋ ಭಟ್ಕಳಕ್ಕೋ ಹೋಗುತ್ತಿದ್ದವನೂ ಅವನೇ.

ಕಳೆದ ಮಳೆಗಾಲದಲ್ಲಿ ಅಪ್ಪ ಎದೆನೋವೆಂದು ಕೂತವನು ಏಳಲೇ ಇಲ್ಲ.

ಬೆಳಗಾಗುವಷ್ಟರಲ್ಲಿ ಮನೆ ತುಂಬಿತು. ಮೋಡ ಕವಿದು ಒಳಗೆಲ್ಲ ಕತ್ತಲೆ. ಅತ್ತೆ ಪೆಟ್ಟಿಗೆ ತೆರೆದು ತನ್ನ ಅತಿ ದೊಡ್ಡ ದೀಪವನ್ನು ಸ್ಟ್ಯಾಂಡಿಗೆ ಏರಿಸತೊಡಗಿದಳು. ಸ್ವಂತ ಮನೆಯ ಸಾವಿನಲ್ಲೂ ಇವಳ ಹುಚ್ಚು ಬಿಡಲಿಲ್ಲವಲ್ಲ ಎಂದು ಜನ ಪಿಸುಗುಟ್ಟಿದರು. ನನಗೂ ಸಿಟ್ಟು ಬಂತು.

ಹೆಣ ಎತ್ತುವ ಮೊದಲು ಅಮ್ಮನ ಬಳೆ ಒಡೆಯಬೇಕಿತ್ತು. ಅಪ್ಪನ ಅತ್ತಿಗೆ, ನಮ್ಮ ದೊಡ್ಡಮ್ಮ, ಅಮ್ಮನ ಕೈ ಹಿಡಿದಳು. ಸುತ್ತ ಜನ ಒತ್ತಿ ನಿಂತರು. ಇಬ್ಬರು ಮೊಬೈಲನ್ನೂ ಎತ್ತಿ ಹಿಡಿದರು.

"ಬೇಡ ಅಕ್ಕ, ಇದೊಂದು ಬೇಡ" ಎಂದಳು ಅಮ್ಮ.

"ನೀ ಬೇಡ ಅಂದ್ರೆ ಆತಾ? ನಾನೂ ಬೇಡ ಅಂದಿದ್ದೆ" ಎಂದಳು ದೊಡ್ಡಮ್ಮ.

ಆಗ ದೀಪ ಹತ್ತಿತು. ಅಮ್ಮನ ಮೇಲಲ್ಲ, ನೋಡುತ್ತಿದ್ದವರ ಮುಖದ ಮೇಲೆ! ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಇದು ಎಂತ ಮಾಡ್ತೆ ನೀನು? ಆರ್ಸು" ಎಂದು ಯಾರೋ ಕೂಗಿದರು.

ದೀಪದ ಹಿಂದಿನಿಂದ ಅತ್ತೆ ಹೇಳಿದಳು: "ಒಡೆಯೋರ ಮುಖ ಕಾಣ್ಬೇಕಲ್ಲ. ಯಾರು ಒಡೀತ್ರಿ, ಮುಂದೆ ಬನ್ನಿ."

ಮೊಬೈಲುಗಳು ಕಿಸೆ ಸೇರಿದವು. ಹಿಂದೆ ನಿಂತವರು ಅಂಗಳಕ್ಕೆ ಇಳಿದರು. ದೊಡ್ಡಮ್ಮ ಮಾತ್ರ ಅಲ್ಲೇ ಇದ್ದಳು. ಅಷ್ಟು ಬೆಳಕಿನಲ್ಲಿ ಅವಳಿಗೆ ತನ್ನ ಬೋಳು ಕೈ ಕಂಡಿರಬೇಕು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಅಮ್ಮನ ಕೈ ಬಿಟ್ಟು, "ನಂಗೆ ಕಣ್ಣು ಕಾಣುದಿಲ್ಲ" ಎಂದು ಒಳಗೆ ಹೋದಳು. ಗಂಡಸರು ಗಡಿಬಿಡಿಯಲ್ಲಿ ಅಪ್ಪನನ್ನು ಎತ್ತಿಕೊಂಡು ಹೊರಟುಬಿಟ್ಟರು.

ಎಲ್ಲ ಮುಗಿದ ಮೇಲೆ ಪಕ್ಕದ ಮನೆಯಿಂದ ಚಾ ಬಂತು. ಅತ್ತೆ ನೆಲದ ಮೇಲೆ ಕೂತು ವೈರು ಸುತ್ತುತ್ತಿದ್ದಳು. ಅಮ್ಮ ಲೋಟ ಹಿಡಿದು ಅವಳ ಪಕ್ಕ ಕೂತಳು.

"ವೈರು ಬಿಡು ತಂಗಿ. ಕಡೇಗೆ ಅವ್ರ ಮುಖ ನೋಡಿದ್ಯಾ?"

ಅತ್ತೆಯ ಕೈ ನಿಂತಿತು.

"ಇಲ್ಲ ಅತ್ಗೆ. ನಾ ಆಚೆ ನೋಡ್ತಿದ್ದೆ."

ಅವಳ ಅಣ್ಣ ಸತ್ತಿದ್ದ ಎನ್ನುವುದು ಅಷ್ಟು ಹೊತ್ತೂ ನಮಗ್ಯಾರಿಗೂ ಹೊಳೆದಿರಲಿಲ್ಲ. ಅಮ್ಮ ಬಳೆಯ ಕೈಯಲ್ಲೇ ಅವಳನ್ನು ಎಳೆದು ತಬ್ಬಿಕೊಂಡಳು. ಅತ್ತೆ ಬಾಯಿಬಿಟ್ಟು ಅತ್ತಳು.